ಒಂದೇ ಬ್ಯಾಕ್ಟೀರಿಯಾ, ಬೇರೆ ಬೇರೆ ಫ್ಲಾಸ್ಕ್: ಅಮೈಲೇಸ್ ಎಲ್ಲಿ ಏರಿತು, ಎಲ್ಲಿ ಇಳಿಯಿತು

ಈ ಬೆಂಚಿನ ಕೆಲಸದ ಗುರಿ ಸರಳ. ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾವನ್ನು ಬೇರೆ ಬೇರೆ ಸ್ಥಿತಿಯಲ್ಲಿ ಬೆಳೆಸುವುದು, ಅದು ಹೊರಗೆ ಬಿಡುವ, ಪಿಷ್ಟ ಒಡೆಯುವ ಆಲ್ಫಾ ಅಮೈಲೇಸ್ ಕಿಣ್ವ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಅಳೆಯುವುದು. ಉಷ್ಣತೆ, ಗಾಳಿ, ಪಿಎಚ್, ಸಕ್ಕರೆ ಇವನ್ನು ಒಂದೊಂದಾಗಿ ಬದಲಿಸಿ ನೋಡುವ ಈ ಪ್ರಯೋಗ ಎಷ್ಟೋ ಲ್ಯಾಬ್‌ಗಳಲ್ಲಿ ವಿದ್ಯಾರ್ಥಿ ಪ್ರಾಜೆಕ್ಟ್ ಆಗಿ ನಡೆಯುತ್ತದೆ. ಕೊನೆಗೆ ವರದಿಯಲ್ಲಿ ಉಳಿಯುವುದು ಒಂದು ಬಾರ್ ಗ್ರಾಫ್ ಮತ್ತು "37 ಡಿಗ್ರಿ, ಪಿಎಚ್ 7 ಅತ್ಯುತ್ತಮ" ಎಂಬ ಒಂದು ಸಾಲು. ಆ ಸಾಲು ನನಗೆ ಸಾಲದು. 37ರಲ್ಲಿ ಕಿಣ್ವ ಹೆಚ್ಚು ಕಂಡದ್ದು ಕೋಶಗಳು ಹೆಚ್ಚಾಗಿದ್ದಕ್ಕೋ, ಪ್ರತಿ ಕೋಶವೂ ಹೆಚ್ಚು ತಯಾರಿಸಿದ್ದಕ್ಕೋ, ತಯಾರಾದದ್ದು ಹಾಳಾಗದೆ ಉಳಿದದ್ದಕ್ಕೋ? ಫ್ಲಾಸ್ಕಿನಿಂದ ತೆಗೆದ ಒಂದು ಸಂಖ್ಯೆಯಲ್ಲಿ ಈ ಮೂರೂ ಕಲಸಿಕೊಂಡಿರುತ್ತವೆ. ಅವನ್ನು ಬಿಡಿಸಿ ನೋಡಲು ಏನೇನು ಕಟ್ಟಿಕೊಳ್ಳಬೇಕಾಯಿತು, ಏನು ಕಂಡಿತು ಎಂಬುದು ಈ ದಾಖಲೆ.

ತಳಿ ಮತ್ತು ಮಾಧ್ಯಮ

ಆರಿಸಿಕೊಂಡದ್ದು ಬ್ಯಾಸಿಲಸ್ ಸಬ್ಟಿಲಿಸ್‌ನ 168 ಎಂಬ ತಳಿ. ಇದು ರೋಗಕಾರಕವಲ್ಲ, ಪ್ರಾಥಮಿಕ ಮಟ್ಟದ ಸುರಕ್ಷತೆ ಸಾಕು, ಇದರ ಪೂರ್ತಿ ಜೀನೋಮ್ 1997ರಲ್ಲೇ ಪ್ರಕಟವಾಗಿದೆ. ಅಮೈಲೇಸ್ ತಯಾರಿಸುವ ಜೀನ್ ಒಂದೇ, ಹೆಸರು ಎಎಂವೈಇ. ಈ ಜೀನಿನ ಜಾಗದಲ್ಲೇ ಬೇರೆ ಜೀನ್ ತೂರಿಸುವುದು ಬ್ಯಾಸಿಲಸ್ ಕೆಲಸ ಮಾಡುವವರ ಹಳೆಯ ರೂಢಿ. ಹಾಗೆ ತೂರಿಸಿದ ತಳಿ ಅಮೈಲೇಸ್ ತಯಾರಿಸಲಾರದು. ಅಂಥದ್ದೊಂದನ್ನು ಕಂಟ್ರೋಲ್ ಆಗಿ ಎಲ್ಲ ಸುತ್ತಿನಲ್ಲೂ ಜೊತೆಗೆ ಬೆಳೆಸಿದೆ. ಆ ಫ್ಲಾಸ್ಕಿನಲ್ಲೂ "ಚಟುವಟಿಕೆ" ಕಂಡರೆ ಅದು ಕಿಣ್ವದ್ದಲ್ಲ, ಅಳತೆಯ ವಿಧಾನದ ಗಲಾಟೆ ಎಂದು ತಕ್ಷಣ ಗೊತ್ತಾಗುತ್ತದೆ. ಈ ಒಂದು ಕಂಟ್ರೋಲ್ ಉಳಿಸಿದಷ್ಟು ತಲೆನೋವನ್ನು ಬೇರೆ ಯಾವುದೂ ಉಳಿಸಲಿಲ್ಲ.

168ಕ್ಕೆ ಒಂದು ಕೊರತೆಯೂ ಇದೆ: ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲವನ್ನು ತಾನೇ ತಯಾರಿಸಿಕೊಳ್ಳದು. ಟ್ರಿಪ್ಟೋನ್, ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಇರುವ ಮಾಧ್ಯಮದಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಆಮ್ಲದಿಂದ ಒಡೆದ ಕೇಸೀನ್ ಬಳಸುವವರು ಮಾತ್ರ ಅದನ್ನು ಪ್ರತ್ಯೇಕ ಹಾಕಬೇಕು, ಏಕೆಂದರೆ ಆಮ್ಲದಲ್ಲಿ ಕುದಿಸುವಾಗ ಟ್ರಿಪ್ಟೋಫ್ಯಾನ್ ನಾಶವಾಗಿರುತ್ತದೆ.

ಮೂಲ ಮಾಧ್ಯಮ: ಲೀಟರಿಗೆ 10 ಗ್ರಾಂ ಟ್ರಿಪ್ಟೋನ್, 5 ಗ್ರಾಂ ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್, 5 ಗ್ರಾಂ ಉಪ್ಪು, ಮತ್ತು 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್. ಕ್ಯಾಲ್ಸಿಯಂ ಅಲಂಕಾರಕ್ಕಲ್ಲ. ಆಲ್ಫಾ ಅಮೈಲೇಸ್‌ನ ಮಡಿಕೆಯೊಳಗೆ ಕ್ಯಾಲ್ಸಿಯಂ ಅಯಾನು ಕೂತು ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಅದು ಕಳಚಿದರೆ ಕಿಣ್ವ ಶಾಖಕ್ಕೂ, ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್‌ಗಳಿಗೂ ಬೇಗ ಬಲಿಯಾಗುತ್ತದೆ. ಇದೇ ಕಾರಣಕ್ಕೆ ಮಾಧ್ಯಮಕ್ಕೆ ಫಾಸ್ಫೇಟ್ ಬಫರ್ (ಪಿಎಚ್ ಅಲುಗದಂತೆ ಹಿಡಿಯುವ ದ್ರಾವಣ) ಹಾಕಲಿಲ್ಲ, ಅದು ಕ್ಯಾಲ್ಸಿಯಂ ಅನ್ನು ಬಿಳಿ ಗಸಿಯಾಗಿ ಕೆಳಗಿಳಿಸುತ್ತದೆ. ಪಿಎಚ್ ಹಿಡಿಯಬೇಕಾದ ಕಡೆ ಮಾಪ್ಸ್ ಬಫರ್.

ಗ್ಲೂಕೋಸನ್ನು ಮಾಧ್ಯಮದ ಜೊತೆಗೇ ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಸ್ಟೆರೈಲ್) ಮಾಡಲಿಲ್ಲ. 121 ಡಿಗ್ರಿಯಲ್ಲಿ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಸೇರಿ ಕಂದು ಬಣ್ಣಕ್ಕೆ ತಿರುಗುತ್ತವೆ. ಆಗ ಸಕ್ಕರೆಯ ಲೆಕ್ಕವೂ ತಪ್ಪುತ್ತದೆ, ಬಣ್ಣ ನೋಡಿ ಅಳೆಯುವ ಮುಂದಿನ ಕೆಲಸವೂ ಕೆಡುತ್ತದೆ. 40 ಶೇಕಡಾ ದ್ರಾವಣ ಮಾಡಿ, 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ತಣ್ಣಗಾದ ಮಾಧ್ಯಮಕ್ಕೆ ಸೇರಿಸಿದೆ.

ಮೊದಲು ಶೇಕರ್

ಬ್ಯಾಕ್ಟೀರಿಯಾ ಹಾಕುವ ಮುಂಚೆ, ಫ್ಲಾಸ್ಕುಗಳನ್ನು ಬೆಚ್ಚಗಿಟ್ಟು ಕುಲುಕುವ ಶೇಕರನ್ನೇ ಪರೀಕ್ಷೆಗೆ ಒಡ್ಡಿದೆ. ಉಷ್ಣತೆ ಬದಲಿಸಿ ನೋಡುವ ಪ್ರಯೋಗದಲ್ಲಿ ಉಷ್ಣತೆ ಎಷ್ಟೆಂದು ಹೇಳುವವರು ಯಾರು? ಪರದೆಯ ಮೇಲೆ ಕಾಣುವುದು ಒಳಗಿನ ಗಾಳಿಯ ಉಷ್ಣತೆ, ಅದೂ ಸೆನ್ಸರ್ ಇರುವ ಮೂಲೆಯದ್ದು. ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಿ. ಹಾಗಾಗಿ ಪ್ರತಿ ಕ್ಲಾಂಪಿಗೂ 50 ಮಿಲಿಲೀಟರ್ ನೀರು ತುಂಬಿದ ಫ್ಲಾಸ್ಕ್ ಇಟ್ಟು, ಕೆಲವು ಗಂಟೆ ಓಡಿಸಿ, ಪ್ರತಿ ಫ್ಲಾಸ್ಕಿನ ನೀರಿನಲ್ಲೂ ಒಂದೇ ತೆಳು ಪ್ರೋಬ್ ಅದ್ದಿ ಓದಿದೆ. ಫ್ಯಾನಿನ ಎದುರಿಗಿದ್ದವು ತಣ್ಣಗೆ, ಮೋಟಾರಿನ ಮೇಲ್ಭಾಗದಲ್ಲಿದ್ದವು ಬೆಚ್ಚಗೆ. 30 ಮತ್ತು 37ರ ನಡುವಿನ ವ್ಯತ್ಯಾಸ ನೋಡುವವರಿಗೆ ಇದು ಅಡ್ಡಿಯಲ್ಲ, ಆದರೆ 37 ಮತ್ತು 39ರ ಬಗ್ಗೆ ಮಾತಾಡುವವರು ಈ ಶೇಕರಿನಲ್ಲಿ ಮಾತಾಡದಿರುವುದೇ ಲೇಸು.

ರಿಪೇರಿ ಅಂತ ಮಾಡಿದ್ದು ಎರಡೇ. ಮೋಟಾರಿನ ಮೇಲಿನ ತಟ್ಟೆಗೂ ಕ್ಲಾಂಪ್ ತಟ್ಟೆಗೂ ನಡುವೆ ತೆಳುವಾದ ಥರ್ಮಲ್ ಇನ್ಸುಲೇಶನ್ ಹಾಳೆ ಕತ್ತರಿಸಿ ಕೂಡಿಸಿದೆ. ಫ್ಯಾನಿನ ನೇರ ಗಾಳಿ ಫ್ಲಾಸ್ಕಿಗೆ ಬಡಿಯದಂತೆ ಅಲ್ಯೂಮಿನಿಯಂ ತಗಡಿನ ಒಂದು ಮರೆ ಬಗ್ಗಿಸಿ ನಿಲ್ಲಿಸಿದೆ. ಮತ್ತೆ ನೀರಿನ ಫ್ಲಾಸ್ಕ್ ಇಟ್ಟು ಓದಿದಾಗ ಅಂತರ ಕಿರಿದಾಗಿತ್ತು, ಪೂರ್ತಿ ಹೋಗಲಿಲ್ಲ. ಉಳಿದದ್ದಕ್ಕೆ ಉಪಾಯ ಚೀಟಿ ಎತ್ತುವುದು: ಯಾವ ಫ್ಲಾಸ್ಕ್ ಯಾವ ಕ್ಲಾಂಪಿಗೆ ಎಂಬುದನ್ನು ಪ್ರತಿ ಸುತ್ತಿಗೂ ಚೀಟಿಯಿಂದಲೇ ನಿರ್ಧರಿಸಿದೆ. ಗ್ಲೂಕೋಸ್ ಫ್ಲಾಸ್ಕುಗಳೆಲ್ಲ ಒಂದೇ ಸಾಲಿನಲ್ಲಿ ಕೂತರೆ, ಆಮೇಲೆ ಕಾಣುವ ವ್ಯತ್ಯಾಸ ಗ್ಲೂಕೋಸಿನದ್ದೋ ಆ ಸಾಲಿನದ್ದೋ ಹೇಳಲು ಬಾರದು.

ಇನ್ನೊಂದು ಸಣ್ಣ ವಿಷಯ, ಯಾರೂ ಬರೆಯುವುದಿಲ್ಲ. 45 ಡಿಗ್ರಿಯಲ್ಲಿ ರಾತ್ರಿಯಿಡೀ ಕುಲುಕಿದ ಫ್ಲಾಸ್ಕಿನಲ್ಲಿ ನೀರು ಕಣ್ಣಿಗೆ ಕಾಣುವಷ್ಟು ಆವಿಯಾಗುತ್ತದೆ. ನೀರು ಕಡಿಮೆಯಾದರೆ ಉಳಿದ ಕಿಣ್ವ ದಟ್ಟವಾಗುತ್ತದೆ, ಅಳತೆಯಲ್ಲಿ "ಉತ್ಪಾದನೆ ಏರಿತು" ಎಂದು ಕಾಣುತ್ತದೆ. ಶುರುವಿನಲ್ಲಿ ಫ್ಲಾಸ್ಕ್ ತೂಗಿ, ಪ್ರತಿ ಸ್ಯಾಂಪಲ್ ತೆಗೆಯುವ ಮುಂಚೆ ಮತ್ತೆ ತೂಗಿ, ಕಡಿಮೆಯಾದಷ್ಟು ಸ್ಟೆರೈಲ್ ನೀರು ಸೇರಿಸಿದೆ. ತೆಗೆದ ಸ್ಯಾಂಪಲ್‌ನ ತೂಕವನ್ನು ಲೆಕ್ಕದಲ್ಲಿ ಕಳೆಯಬೇಕು, ಅಷ್ಟೇ.

ಅಳೆಯುವ ಬಗೆ

ಕಣ್ಣಿಗೆ ಕಾಣುವ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ. ಪಿಷ್ಟ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಕಾಲೊನಿ ಬೆಳೆಸಿ ಅಯೋಡಿನ್ ಸುರಿದರೆ ತಟ್ಟೆಯೆಲ್ಲ ಕಡು ನೀಲಿ, ಕಾಲೊನಿಯ ಸುತ್ತ ಬಣ್ಣವಿಲ್ಲದ ವೃತ್ತ. ಹತ್ತಿರದಿಂದ ನೋಡಿದರೆ ವೃತ್ತದ ಅಂಚು ಥಟ್ಟನೆ ನೀಲಿಯಾಗುವುದಿಲ್ಲ. ನಡುವೆ ಕೆಂಗಂದು ಬಣ್ಣದ ತೆಳು ಪಟ್ಟಿ ಇರುತ್ತದೆ. ಪಿಷ್ಟದ ಉದ್ದ ಸರಪಳಿ ಸುರುಳಿಯಾಗಿ ಸುತ್ತಿಕೊಂಡು, ಅದರೊಳಗೆ ಅಯೋಡಿನ್ ಸಾಲಾಗಿ ಕೂತಾಗ ನೀಲಿ. ಸರಪಳಿ ತುಂಡಾಗುತ್ತ ಬಂದಂತೆ ನೇರಳೆ, ಕೆಂಪು, ಕೊನೆಗೆ ಬಣ್ಣವೇ ಇಲ್ಲ. ಕಿಣ್ವ ಅರ್ಧ ಕೆಲಸ ಮುಗಿಸಿದ ಜಾಗ ಆ ಪಟ್ಟಿ. ಅಯೋಡಿನ್ ಹಾರಿಹೋಗುತ್ತದೆ, ಬಣ್ಣ ಮಾಸುತ್ತದೆ, ಆದ್ದರಿಂದ ಫೋಟೊ ಕೂಡಲೇ ತೆಗೆಯಬೇಕು. ಕಾಲೊನಿ ಮುಂದೆ ಬೇಕಿದ್ದರೆ ಅಯೋಡಿನ್ ಸುರಿಯುವ ಮುಂಚೆಯೇ ಬೇರೆ ತಟ್ಟೆಗೆ ಎತ್ತಿಟ್ಟುಕೊಳ್ಳಬೇಕು.

ಆದರೆ ವೃತ್ತದ ಅಗಲವನ್ನು ಸ್ಕೇಲಿನಲ್ಲಿ ಅಳೆದು "ಎರಡು ಪಟ್ಟು ಅಗಲ, ಹಾಗಾಗಿ ಎರಡು ಪಟ್ಟು ಕಿಣ್ವ" ಎನ್ನುವಂತಿಲ್ಲ. ಕಿಣ್ವ ಅಗಾರಿನಲ್ಲಿ ಹರಡಿಕೊಳ್ಳುತ್ತ ಹೋಗುವಾಗ ತೆಳುವಾಗುತ್ತ ಹೋಗುತ್ತದೆ. ಗೊತ್ತಿರುವ ಕಿಣ್ವವನ್ನು ಹತ್ತು ಹತ್ತು ಪಟ್ಟು ತೆಳು ಮಾಡಿ ಅಗಾರಿನ ಗುಳಿಗಳಿಗೆ ಹಾಕಿದರೆ ಇದು ಸ್ಪಷ್ಟ: ಪ್ರತಿ ಹತ್ತು ಪಟ್ಟಿಗೆ ವೃತ್ತ ಹೆಚ್ಚುಕಡಿಮೆ ಒಂದೇ ಅಳತೆಯಷ್ಟು ಕುಗ್ಗುತ್ತದೆ. ಅಂದರೆ ವೃತ್ತದ ಸಣ್ಣ ವ್ಯತ್ಯಾಸದ ಹಿಂದೆ ಕಿಣ್ವದ ದೊಡ್ಡ ವ್ಯತ್ಯಾಸ ಅಡಗಿರಬಹುದು. ತಟ್ಟೆಯನ್ನು "ಇದೆಯೋ ಇಲ್ಲವೋ" ಎಂಬ ಪ್ರಶ್ನೆಗಷ್ಟೇ ಇಟ್ಟುಕೊಂಡೆ.

ಸಂಖ್ಯೆಗೆ ಡಿಎನ್‌ಎಸ್ (ಡೈನೈಟ್ರೊಸ್ಯಾಲಿಸಿಲಿಕ್ ಆಮ್ಲ) ವಿಧಾನ, ಮಿಲ್ಲರ್ 1959ರಲ್ಲಿ ಪ್ರಕಟಿಸಿದ್ದು, ಇಂದಿಗೂ ಎಲ್ಲ ಲ್ಯಾಬಿನಲ್ಲೂ ಇದೆ. ಸೆಂಟ್ರಿಫ್ಯೂಜಿನಲ್ಲಿ ಕೋಶಗಳನ್ನು ಕೆಳಗಿಳಿಸಿ, ಮೇಲಿನ ತಿಳಿಯನ್ನು 1 ಶೇಕಡಾ ಪಿಷ್ಟದ ಜೊತೆ 40 ಡಿಗ್ರಿಯಲ್ಲಿ ಬಿಡುವುದು. ಆಮೇಲೆ ಡಿಎನ್‌ಎಸ್ ಹಾಕಿ ಕುದಿಯುವ ನೀರಿನಲ್ಲಿ ಇಡುವುದು. ಪಿಷ್ಟ ತುಂಡಾದಷ್ಟೂ ಹೊಸ ತುದಿಗಳು ಹುಟ್ಟುತ್ತವೆ, ಆ ತುದಿಗಳು ಹಳದಿ ದ್ರಾವಣವನ್ನು ಕೆಂಗಂದು ಮಾಡುತ್ತವೆ, 540 ನ್ಯಾನೋಮೀಟರಿನಲ್ಲಿ ಓದುವುದು. ಮಾಲ್ಟೋಸಿನ ಸ್ಟ್ಯಾಂಡರ್ಡ್ ಗೆರೆ ಪ್ರತಿ ಸಲವೂ ಹೊಸದಾಗಿ ಹಾಕಿದೆ. 168 ತಳಿ ಅಮೈಲೇಸ್ ವಿಷಯದಲ್ಲಿ ಧಾರಾಳಿಯಲ್ಲ, ಆದ್ದರಿಂದ ಕಿಣ್ವಕ್ಕೆ ಕೊಟ್ಟ ಸಮಯ 30 ನಿಮಿಷ. ಅದಕ್ಕೂ ಮುಂಚೆ, 10, 20, 30 ನಿಮಿಷಕ್ಕೆ ಓದಿ ಬಣ್ಣ ನೇರ ಗೆರೆಯಲ್ಲಿ ಏರುತ್ತಿದೆಯೇ ಎಂದು ಖಾತ್ರಿ ಮಾಡಿಕೊಂಡೆ. ಗೆರೆ ಬಾಗಿದರೆ ಪಿಷ್ಟ ಸಾಲದೆ ಬಂದಿದೆ ಎಂದರ್ಥ, ತಿಳಿಯನ್ನು ಇನ್ನಷ್ಟು ತೆಳು ಮಾಡಬೇಕು.

ಡಿಎನ್‌ಎಸ್‌ಗೆ ಮಾಲ್ಟೋಸೂ ಒಂದೇ, ಗ್ಲೂಕೋಸೂ ಒಂದೇ. 1 ಶೇಕಡಾ ಗ್ಲೂಕೋಸ್ ಹಾಕಿದ ಮಾಧ್ಯಮದ ತಿಳಿಯನ್ನು ನೇರವಾಗಿ ಹಾಕಿದರೆ ಕಿಣ್ವ ಇರಲಿ ಬಿಡಲಿ, ಟ್ಯೂಬ್ ಕಪ್ಪಗಾಗುತ್ತದೆ. ಅಮೈಲೇಸ್ ಇಲ್ಲದ ಕಂಟ್ರೋಲ್ ತಳಿ ತನ್ನ ಬೆಲೆ ತೋರಿಸಿದ್ದು ಇಲ್ಲಿ. ಪರಿಹಾರ: ಎಲ್ಲ ತಿಳಿಯನ್ನೂ, ಗ್ಲೂಕೋಸ್ ಇಲ್ಲದವನ್ನೂ ಸೇರಿಸಿ, ಡಯಾಲಿಸಿಸ್ ಕೊಳವೆಗೆ ತುಂಬಿ 1 ಮಿಲಿಮೋಲಾರ್ ಕ್ಯಾಲ್ಸಿಯಂ ಇರುವ ಬಫರಿನಲ್ಲಿ 4 ಡಿಗ್ರಿಯಲ್ಲಿ ತೂಗುಬಿಟ್ಟೆ. ಸಕ್ಕರೆಯ ಸಣ್ಣ ಅಣು ರಂಧ್ರಗಳಿಂದ ಹೊರಗೆ, ಕಿಣ್ವ ಒಳಗೆ. ಪ್ರತಿ ಸ್ಯಾಂಪಲ್‌ಗೂ ಕುದಿಸಿ ಕೊಂದ ತಿಳಿಯ ಒಂದು ಬ್ಲ್ಯಾಂಕ್ ಇದ್ದೇ ಇತ್ತು.

ಕೋಶಗಳ ಲೆಕ್ಕ 600 ನ್ಯಾನೋಮೀಟರಿನ ಓಡಿಯಿಂದ (ಆಪ್ಟಿಕಲ್ ಡೆನ್ಸಿಟಿ, ದ್ರವ ಎಷ್ಟು ಮಬ್ಬು ಎಂಬ ಅಳತೆ). ಓಡಿ 0.4ರ ಆಚೆ ನೇರ ಗೆರೆ ತಪ್ಪಲು ಶುರು, ಆದ್ದರಿಂದ ತೆಳು ಮಾಡಿಯೇ ಓದಿದೆ. ಪಿಷ್ಟ ಹಾಕಿದ ಮಾಧ್ಯಮ ತಾನೇ ಮಬ್ಬಾಗಿರುತ್ತದೆ. ಬ್ಯಾಕ್ಟೀರಿಯಾ ಅದನ್ನು ತಿಂದಂತೆ ಮಬ್ಬು ಕಡಿಮೆಯಾಗುತ್ತದೆ, ಕೋಶಗಳಿಂದ ಮಬ್ಬು ಹೆಚ್ಚಾಗುತ್ತದೆ, ಎರಡೂ ಒಂದೇ ಓದಿನಲ್ಲಿ. ಪಿಷ್ಟದ ಫ್ಲಾಸ್ಕಿಗೆ ಓಡಿ ಬಿಟ್ಟು, ತಟ್ಟೆಯ ಮೇಲೆ ಕಾಲೊನಿ ಎಣಿಸಿದೆ.

ಗ್ಲೂಕೋಸ್ ಸುತ್ತು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದೂ, ಹೆಚ್ಚು ಕೊಟ್ಟದ್ದೂ ಈ ಸುತ್ತು.

ಹಿನ್ನೆಲೆ ಹಳೆಯದು. 1940ರ ದಶಕದ ಆರಂಭದಲ್ಲಿ ಫ್ರೆಂಚ್ ಜೀವವಿಜ್ಞಾನಿ ಜಾಕ್ ಮೊನೊ ಎರಡು ಸಕ್ಕರೆ ಒಟ್ಟಿಗೆ ಕೊಟ್ಟಾಗ ಬ್ಯಾಕ್ಟೀರಿಯಾ ಎರಡು ಮೆಟ್ಟಿಲಿನಲ್ಲಿ ಬೆಳೆಯುವುದನ್ನು ಗಮನಿಸಿದರು: ಮೊದಲು ಸುಲಭದ ಸಕ್ಕರೆ, ಸ್ವಲ್ಪ ವಿರಾಮ, ಆಮೇಲೆ ಇನ್ನೊಂದು. ಜೇಬಿನಲ್ಲಿ ಚಿಲ್ಲರೆ ಇರುವಾಗ ನೋಟು ಮುರಿಸುವವರು ಯಾರು? ಗ್ಲೂಕೋಸ್ ಎದುರಿಗೇ ಇರುವಾಗ ಪಿಷ್ಟ ಒಡೆಯುವ ಕಿಣ್ವ ತಯಾರಿಸುವುದು ದಂಡ. ಬ್ಯಾಸಿಲಸ್‌ನಲ್ಲಿ ಈ ತಡೆಯನ್ನು ನಡೆಸುವುದು ಸಿಸಿಪಿಎ ಎಂಬ ಪ್ರೋಟೀನ್. ಗ್ಲೂಕೋಸ್ ಧಾರಾಳವಾಗಿ ಒಳಗೆ ಬರುತ್ತಿರುವಾಗ ಎಚ್‌ಪಿಆರ್ ಎಂಬ ಇನ್ನೊಂದು ಪ್ರೋಟೀನಿನ ಸೆರೀನ್ ಮೇಲೆ ಫಾಸ್ಫೇಟ್ ಕೂಡುತ್ತದೆ, ಅದು ಸಿಸಿಪಿಎ ಜೊತೆ ಸೇರಿ ಎಎಂವೈಇ ಜೀನಿನ ಮುಂಭಾಗಕ್ಕೆ ಅಂಟಿಕೊಂಡು ಓದನ್ನು ನಿಲ್ಲಿಸುತ್ತದೆ. ಸಿಸಿಪಿಎ ಪತ್ತೆಯಾದದ್ದೇ ಅಮೈಲೇಸಿನ ಈ ವರ್ತನೆಯ ಬೆನ್ನು ಹತ್ತಿದ್ದರಿಂದ. ಆ ವರದಿ ಬಂದದ್ದು 1991ರಲ್ಲಿ.

ಇಷ್ಟು ಗೊತ್ತಿದ್ದರೂ ಒಂದು ತೊಡಕು. ಗ್ಲೂಕೋಸ್ ಕೊಟ್ಟರೆ ಬದಲಾಗುವುದು ಗ್ಲೂಕೋಸ್ ಒಂದೇ ಅಲ್ಲ. ಬ್ಯಾಕ್ಟೀರಿಯಾ ಅದನ್ನು ಅವಸರದಲ್ಲಿ ತಿಂದು ಅಸಿಟಿಕ್ ಆಮ್ಲ ಮತ್ತಿತರ ಆಮ್ಲಗಳನ್ನು ಹೊರಗೆ ಚೆಲ್ಲುತ್ತದೆ, ಪಿಎಚ್ ಕುಸಿಯುತ್ತದೆ. ಗ್ಲೂಕೋಸ್ ಇಲ್ಲದ ಮಾಧ್ಯಮದಲ್ಲಿ ಇದು ಉಲ್ಟಾ: ಅಮೈನೋ ಆಮ್ಲ ತಿಂದು ಅಮೋನಿಯಾ ಬಿಡುವುದರಿಂದ ಪಿಎಚ್ ಏರುತ್ತದೆ. ಹಾಗಾಗಿ "ಗ್ಲೂಕೋಸ್ ಇದೆ" ಮತ್ತು "ಗ್ಲೂಕೋಸ್ ಇಲ್ಲ" ಎಂಬ ಎರಡು ಫ್ಲಾಸ್ಕುಗಳ ಹೋಲಿಕೆ ನಿಜದಲ್ಲಿ ಸಕ್ಕರೆಯ ಹೋಲಿಕೆಯೂ ಹೌದು, ಪಿಎಚ್‌ನ ಹೋಲಿಕೆಯೂ ಹೌದು.

ಬಿಡಿಸಲು ನಾಲ್ಕು ಬಗೆಯ ಫ್ಲಾಸ್ಕ್: ಬರಿಯ ಮೂಲ ಮಾಧ್ಯಮ, ಅದಕ್ಕೆ 1 ಶೇಕಡಾ ಗ್ಲೂಕೋಸ್, ಅದಕ್ಕೆ ಮಾಪ್ಸ್ ಬಫರ್ ಮಾತ್ರ, ಗ್ಲೂಕೋಸ್ ಮತ್ತು ಮಾಪ್ಸ್ ಎರಡೂ. ಬಫರ್ ಎಷ್ಟು ಹಾಕಬೇಕು ಎಂಬುದಕ್ಕೆ ಒಂದು ಚಿಕ್ಕ ಲೆಕ್ಕ. 1 ಶೇಕಡಾ ಗ್ಲೂಕೋಸ್ ಅಂದರೆ ಸುಮಾರು 55 ಮಿಲಿಮೋಲಾರ್. ಒಂದು ಗ್ಲೂಕೋಸಿನಿಂದ ಎರಡು ಅಸಿಟೇಟ್ ಬರಬಹುದು ಎಂದರೆ ತೀರಾ ಕೆಟ್ಟ ಸ್ಥಿತಿಯಲ್ಲಿ 110 ಮಿಲಿಮೋಲಾರ್ ಆಮ್ಲ. ಪಿಎಚ್ 7.2ರಲ್ಲಿಟ್ಟ 100 ಮಿಲಿಮೋಲಾರ್ ಮಾಪ್ಸ್ ಅದರ ಅರ್ಧವನ್ನೂ ಪೂರ್ತಿ ತಡೆಯದು. ಆದ್ದರಿಂದ ಬಫರನ್ನೇ ನಂಬಿ ಕೂರದೆ, ಗಂಟೆಗೊಮ್ಮೆ ಪಿಎಚ್ ನೋಡಿ ಸ್ಟೆರೈಲ್ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಸೇರಿಸಿದೆ. ಗ್ಲೂಕೋಸ್ ಎಷ್ಟು ಉಳಿದಿದೆ ಎಂದು ನೋಡಲು ರಕ್ತದ ಸಕ್ಕರೆ ಅಳೆಯುವ ಮೀಟರ್ ಮತ್ತು ಪಟ್ಟಿ. ಅದು ರಕ್ತಕ್ಕೆಂದು ಹೊಂದಿಸಿದ್ದು, ಮಾಧ್ಯಮದಲ್ಲಿ ಅದರ ಅಂಕಿ ನೇರವಾಗಿ ಒಪ್ಪುವಂತಿಲ್ಲ. ಅದೇ ಮಾಧ್ಯಮದಲ್ಲಿ ಗೊತ್ತಿರುವ ಗ್ಲೂಕೋಸ್ ಹಾಕಿ ಗೆರೆ ಎಳೆದುಕೊಂಡರೆ ಕೆಲಸಕ್ಕೆ ಬರುತ್ತದೆ.

ಕಂಡದ್ದು ಹೀಗೆ. ಬಫರಿಲ್ಲದ ಗ್ಲೂಕೋಸ್ ಫ್ಲಾಸ್ಕ್ ಮೊದಲು ಎಲ್ಲರಿಗಿಂತ ಮುಂದೆ ಓಡಿತು, ಪಿಎಚ್ 6ರ ಕೆಳಗೆ ಇಳಿಯಿತು, ಆಮೇಲೆ ಬೆಳವಣಿಗೆ ಮಂಕಾಯಿತು, ಕಿಣ್ವ ನಾಮಮಾತ್ರ. ಇದನ್ನಷ್ಟೇ ನೋಡಿದವರು ಆಮ್ಲವನ್ನು ದೂರಬಹುದು. ಪಿಎಚ್ 7ರ ಆಸುಪಾಸಿನಲ್ಲೇ ಹಿಡಿದಿಟ್ಟ ಗ್ಲೂಕೋಸ್ ಫ್ಲಾಸ್ಕ್ ಉತ್ತರ ಹೇಳಿತು. ಅಲ್ಲಿ ಕೋಶಗಳು ಚೆನ್ನಾಗಿ ಬೆಳೆದವು, ಆಮ್ಲದ ಕಾಟವಿರಲಿಲ್ಲ, ಆದರೂ ಪಟ್ಟಿಯಲ್ಲಿ ಗ್ಲೂಕೋಸ್ ಕಾಣುತ್ತಿರುವಷ್ಟು ಹೊತ್ತು ಅಮೈಲೇಸ್ ಬ್ಲ್ಯಾಂಕಿನಿಂದ ಮೇಲೇಳಲೇ ಇಲ್ಲ. ಪಟ್ಟಿ ಖಾಲಿ ತೋರಿಸಿದ ಮೇಲೆ ಕಿಣ್ವ ಕಾಣಿಸಿಕೊಂಡಿತು. ತಡೆದದ್ದು ಸಕ್ಕರೆಯೇ, ಆಮ್ಲದ ಪಾತ್ರ ಬೇರೆ, ಸಕ್ಕರೆ ಮುಗಿದ ನಂತರವೂ ಫ್ಲಾಸ್ಕ್ ಚೇತರಿಸಿಕೊಳ್ಳದಂತೆ ಮಾಡಿದ್ದು ಅದು.

ಇಷ್ಟಕ್ಕೇ ನಿಲ್ಲಿಸಲಿಲ್ಲ, ಇನ್ನೆರಡು ಸಂಶಯಗಳಿದ್ದವು. ಗ್ಲೂಕೋಸ್ ಕಿಣ್ವದ ತಯಾರಿಕೆಯನ್ನಲ್ಲ, ತಯಾರಾದ ಕಿಣ್ವದ ಕೆಲಸವನ್ನೇ ತಡೆಯುತ್ತಿದ್ದರೆ? ಮೂಲ ಮಾಧ್ಯಮದ ಒಳ್ಳೆಯ ತಿಳಿಗೆ 1 ಶೇಕಡಾ ಗ್ಲೂಕೋಸ್ ಸೇರಿಸಿ, ಉಳಿದವುಗಳಂತೆಯೇ ಡಯಾಲಿಸಿಸ್ ಮಾಡಿ ಅಳೆದೆ. ಡಯಾಲಿಸಿಸ್ ಇಲ್ಲದೆ ಅಯೋಡಿನ್ ವಿಧಾನದಲ್ಲೂ, ಅಂದರೆ ಪಿಷ್ಟದ ನೀಲಿ ಎಷ್ಟು ಮಾಸುತ್ತದೆ ಎಂದು ನೋಡಿಯೂ ಅಳೆದೆ. ಸೇರಿಸದ ತಿಳಿಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎರಡನೆಯದು, ಆಮ್ಲದ ಫ್ಲಾಸ್ಕಿನಲ್ಲಿ ಕಿಣ್ವ ತಯಾರಾಗಿ ಹಾಳಾಗಿದ್ದರೆ? ಅದೇ ಒಳ್ಳೆಯ ತಿಳಿಯನ್ನು ಆ ಫ್ಲಾಸ್ಕಿನ ಪಿಎಚ್‌ಗೆ ತಂದು, ಫಿಲ್ಟರ್ ಮಾಡಿ, ಅದೇ ಶೇಕರಿನಲ್ಲಿ ರಾತ್ರಿಯಿಡೀ ಇಟ್ಟೆ. ಕಿಣ್ವದ ಬಹುಪಾಲು ಉಳಿದೇ ಇತ್ತು. ಅಂದರೆ ಆ ಫ್ಲಾಸ್ಕಿನಲ್ಲಿ ಕಿಣ್ವ ಹಾಳಾಗಿರಲಿಲ್ಲ, ಹುಟ್ಟಿಯೇ ಇರಲಿಲ್ಲ.

ಪಿಷ್ಟದ ಬಗ್ಗೆ ಒಂದು ಮಾತು. ಪಿಷ್ಟ ಕೊಟ್ಟರೆ ಅದೇ ಅಮೈಲೇಸನ್ನು ಎಬ್ಬಿಸುತ್ತದೆ ಎಂಬ ಮಾತು ಪ್ರಾಜೆಕ್ಟ್ ವರದಿಗಳಲ್ಲಿ ಯಾವಾಗಲೂ ಇರುತ್ತದೆ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಅದು ಸರಿಯೂ ಹೌದು. 168ರಲ್ಲಿ ಪಿಷ್ಟವೇ ಇಲ್ಲದ ಮೂಲ ಮಾಧ್ಯಮದಲ್ಲೂ ಅಮೈಲೇಸ್ ಬರುತ್ತದೆ, ಬೆಳವಣಿಗೆಯ ವೇಗ ಇಳಿಯತೊಡಗುವ ಹಂತದಲ್ಲಿ ತಾನಾಗಿ ಏರುತ್ತದೆ. ಇಲ್ಲಿ ಬೇಕಿರುವುದು ಪಿಷ್ಟದ ಇರವಲ್ಲ, ಗ್ಲೂಕೋಸಿನಂಥ ಸುಲಭ ಸಕ್ಕರೆಯ ಕೊರತೆ.

ಸಂಖ್ಯೆಯನ್ನು ಒಡೆಯುವುದು

ಈ ಹಂತದಲ್ಲಿ ಗ್ರಾಫ್ ಹಾಕುವ ರೀತಿ ಬದಲಿಸಿದೆ. ಗಂಟೆಯ ಎದುರು ಕಿಣ್ವ ಹಾಕಿದರೆ ಬೇಗ ಬೆಳೆದ ಫ್ಲಾಸ್ಕ್ ಸದಾ ಗೆಲ್ಲುತ್ತದೆ. ಮೊನೊ ಮತ್ತು ಸಂಗಡಿಗರು 1952ರಲ್ಲಿ ಬೇರೊಂದು ಕಿಣ್ವಕ್ಕೆ ಮಾಡಿದಂತೆ, ಅಡ್ಡಗೆರೆಗೆ ಗಂಟೆ ಬಿಟ್ಟು ಕೋಶಗಳ ಪ್ರಮಾಣ ಹಾಕಬೇಕು, ನಿಲುವುಗೆರೆಗೆ ಕಿಣ್ವ. ಆಗ ಗೆರೆಯ ಏರಿಳಿತವೇ ಹೊಸದಾಗಿ ಹುಟ್ಟಿದ ಕೋಶದ್ರವ್ಯದ ಜೊತೆ ಎಷ್ಟು ಕಿಣ್ವ ಹುಟ್ಟುತ್ತಿದೆ ಎಂಬುದನ್ನು ಹೇಳುತ್ತದೆ. ಗ್ಲೂಕೋಸ್ ಇರುವಷ್ಟು ಹೊತ್ತು ಗೆರೆ ನೆಲಕ್ಕೆ ಅಂಟಿ ಮಲಗಿರುತ್ತದೆ, ಮುಗಿದಾಗ ತಲೆ ಎತ್ತುತ್ತದೆ. ಬೆಳವಣಿಗೆ ನಿಂತ ಮೇಲೆ ಮಾತ್ರ ಈ ಗ್ರಾಫ್ ಸಹಾಯಕ್ಕೆ ಬಾರದು, ಕೋಶ ಹೆಚ್ಚದೆ ಕಿಣ್ವ ಹೆಚ್ಚಿದರೆ ಗೆರೆ ನೆಟ್ಟಗೆ ನಿಲ್ಲುತ್ತದೆ. ಆ ಭಾಗಕ್ಕೆ ಓಡಿಗೆ, ಗಂಟೆಗೆ ಇಷ್ಟು ಎಂದು ಲೆಕ್ಕ ಹಾಕಿದೆ.

ಉಷ್ಣತೆ, ಗಾಳಿ

30, 37, 45. 37ರಲ್ಲಿ ಕಿಣ್ವ ಬೇಗ ಬಂತು, 30ರಲ್ಲಿ ತಡವಾಗಿ. ಆದರೆ ಕೋಶದ ಎದುರು ಹಾಕಿದ ಗ್ರಾಫಿನಲ್ಲಿ ಎರಡರ ಗೆರೆಗಳೂ ಅಕ್ಕಪಕ್ಕದಲ್ಲೇ ನಡೆದವು. 37ರ ಮೇಲುಗೈಯಲ್ಲಿ ದೊಡ್ಡ ಪಾಲು ವೇಗದ್ದು. 45ರ ಕಥೆ ಬೇರೆ. ಬೆಳವಣಿಗೆ ಚುರುಕು, ಕಿಣ್ವವೂ ಏರಿತು, ಮರುದಿನಕ್ಕೆ ಇಳಿದಿತ್ತು. ತಯಾರಿಕೆ ನಿಂತದ್ದಷ್ಟೇ ಆಗಿದ್ದರೆ ಅಂಕಿ ಅಲ್ಲೇ ನಿಲ್ಲಬೇಕಿತ್ತು. ಇಳಿದಿದೆ ಎಂದರೆ ಯಾವುದೋ ಅದನ್ನು ತಿನ್ನುತ್ತಿದೆ.

ಬ್ಯಾಸಿಲಸ್ ಬೆಳವಣಿಗೆ ಮುಗಿಯುವ ಹೊತ್ತಿಗೆ ಅಮೈಲೇಸ್ ಜೊತೆಗೆ ಹಲವು ಪ್ರೋಟಿಯೇಸ್‌ಗಳನ್ನೂ ಹೊರಗೆ ಬಿಡುತ್ತದೆ, ಅವುಗಳಲ್ಲಿ ಮುಖ್ಯವಾದವು ಸಬ್ಟಿಲಿಸಿನ್ ಮತ್ತು ನ್ಯೂಟ್ರಲ್ ಪ್ರೋಟಿಯೇಸ್. ಅದೇ ತಿಳಿಯನ್ನು ಕೆನೆ ತೆಗೆದ ಹಾಲಿನ ಅಗಾರಿನ ಗುಳಿಗೆ ಹಾಕಿದರೆ ಬಿಳಿಯ ನಡುವೆ ಪಾರದರ್ಶಕ ವೃತ್ತ ಮೂಡಿತು, ಅಮೈಲೇಸ್ ಇಳಿದ ಸ್ಯಾಂಪಲ್‌ಗಳಲ್ಲಿ ಅದು ದೊಡ್ಡದಾಗಿತ್ತು. ಪ್ರೋಟಿಯೇಸ್ ತಡೆಯಲು ಸಾಮಾನ್ಯವಾಗಿ ಕೈ ಹೋಗುವುದು ಇಡಿಟಿಎ ಬಾಟಲಿಗೆ. ಇಲ್ಲಿ ಅದು ನಿಷಿದ್ಧ: ನ್ಯೂಟ್ರಲ್ ಪ್ರೋಟಿಯೇಸ್‌ನಿಂದ ಲೋಹದ ಅಯಾನು ಕೀಳುವ ಇಡಿಟಿಎ ಅಮೈಲೇಸಿನ ಕ್ಯಾಲ್ಸಿಯಂ ಅನ್ನೂ ಕೀಳುತ್ತದೆ, ಕಾಪಾಡಲು ಹೋದದ್ದೇ ಸಾಯುತ್ತದೆ. ಸಬ್ಟಿಲಿಸಿನ್ ತಡೆಯುವ ಪಿಎಂಎಸ್‌ಎಫ್ ಒಂದನ್ನೇ ಬಳಸಿದೆ. ಅದು ವಿಷಕಾರಿ, ನೀರಿನಲ್ಲಿ ಬೇಗ ಕೆಡುತ್ತದೆ, ಐಸೊಪ್ರೊಪನಾಲ್‌ನಲ್ಲಿ ಕರಗಿಸಿಟ್ಟು ಆಗಿಂದಾಗ್ಗೆ ಹಾಕಬೇಕು, ಕೈಗವಸು ಕಡ್ಡಾಯ. ಕೋಶ ತೆಗೆದ ತಿಳಿಯನ್ನು 45ರಲ್ಲಿ ಇಟ್ಟಾಗ, ಪಿಎಂಎಸ್‌ಎಫ್ ಹಾಕಿದ್ದರಲ್ಲಿ ಅಮೈಲೇಸ್ ನಿಧಾನವಾಗಿ ಇಳಿಯಿತು, ಹಾಕದ್ದರಲ್ಲಿ ಬೇಗ. ಇಳಿಕೆಯ ಒಂದು ಭಾಗ ಶಾಖದ್ದು, ಒಂದು ಭಾಗ ಪ್ರೋಟಿಯೇಸಿನದ್ದು. ಬೇರೆ ಪ್ರೋಟೀನ್ ತಯಾರಿಸಲು ಇದೇ ಬ್ಯಾಕ್ಟೀರಿಯಾ ಬಳಸುವವರು ಎಂಟು ಪ್ರೋಟಿಯೇಸ್ ಜೀನ್ ತೆಗೆದುಹಾಕಿದ ಡಬ್ಲ್ಯುಬಿ800 ತಳಿಯನ್ನು ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ.

ಗಾಳಿಯ ಸುತ್ತು ಚಿಕ್ಕದು. 250 ಮಿಲಿಲೀಟರ್ ಫ್ಲಾಸ್ಕಿನಲ್ಲಿ 25, 50, 100 ಮಿಲಿಲೀಟರ್ ಮಾಧ್ಯಮ, ಒಂದೇ ವೇಗದ ಕುಲುಕು. ಮಾಧ್ಯಮ ಹೆಚ್ಚಾದಷ್ಟೂ ಗಾಳಿಗೆ ತೆರೆದ ಮೇಲ್ಮೈ ಅದರ ಪಾಲಿಗೆ ಕಡಿಮೆ, ಆಮ್ಲಜನಕ ಸಾಲದು, ಕೋಶ ಕಡಿಮೆ, ಒಟ್ಟು ಕಿಣ್ವವೂ ಕಡಿಮೆ. ಓಡಿಗೆ ಭಾಗಿಸಿದಾಗ ವ್ಯತ್ಯಾಸ ತುಂಬ ಕುಗ್ಗಿತು. ಅಂದರೆ ಗಾಳಿಯ ಪರಿಣಾಮ ಬಹುತೇಕ ಬೆಳವಣಿಗೆಯ ಮೂಲಕವೇ ಬಂದದ್ದು. ಗಮನಿಸಬೇಕಾದದ್ದು ಹತ್ತಿಯ ಬಿರಡೆ: ನೊರೆ ಉಕ್ಕಿ ಅದು ಒದ್ದೆಯಾದರೆ ಗಾಳಿ ಹೋಗುವ ದಾರಿಯೇ ಬಂದ್. ಒದ್ದೆ ಬಿರಡೆಯ ಫ್ಲಾಸ್ಕನ್ನು ಲೆಕ್ಕದಿಂದ ಹೊರಗಿಟ್ಟೆ.

ಸಕ್ಕರೆ ಹನಿಸುವ ಜೋಡಣೆ

ಕೊನೆಯ ಕಟ್ಟಡ ಇದು. ಗ್ಲೂಕೋಸ್ ಕೋಶಗಳನ್ನು ಹೆಚ್ಚಿಸುತ್ತದೆ, ಕಿಣ್ವವನ್ನು ತಡೆಯುತ್ತದೆ. ಬಂದ ಹಾಗೆ ತಿಂದು ಮುಗಿಯುವಷ್ಟೇ ಕೊಟ್ಟರೆ? ದೊಡ್ಡ ಟ್ಯಾಂಕ್‌ಗಳಲ್ಲಿ ಫೆಡ್‌ಬ್ಯಾಚ್ ಎಂದು ಮಾಡುವುದು ಇದನ್ನೇ. ನನ್ನ ಬಳಿ ಇದ್ದದ್ದು ಒಂದು ಸಿರಿಂಜ್ ಪಂಪ್. ಅದನ್ನು ಶೇಕರಿನ ಹೊರಗೆ ಇಟ್ಟು, ಬಾಗಿಲ ರಬ್ಬರಿನ ಸಂದಿನಿಂದ ತೆಳು ಸಿಲಿಕೋನ್ ಕೊಳವೆ ತೂರಿಸಿ, ಬಿರಡೆಯೊಳಗಿನ ಉಕ್ಕಿನ ಸೂಜಿಗೆ ಜೋಡಿಸಿದೆ. ಕುಲುಕಾಟಕ್ಕೆ ಕೊಳವೆ ಕಳಚದಂತೆ ಮಧ್ಯೆ ಒಂದು ಸಡಿಲ ಸುತ್ತು ಬಿಟ್ಟು ಕ್ಲಾಂಪಿಗೆ ಕಟ್ಟಿದೆ. ಸೂಜಿಯ ತುದಿ ದ್ರವಕ್ಕೆ ತಾಗಬಾರದು, ತಾಗಿದರೆ ಬ್ಯಾಕ್ಟೀರಿಯಾ ಕೊಳವೆಯೊಳಗೇ ಮೇಲೇರಿ ಸಿರಿಂಜ್ ಮುಟ್ಟುತ್ತದೆ.

ಲೆಕ್ಕ: 50 ಮಿಲಿಲೀಟರ್ ಮಾಧ್ಯಮಕ್ಕೆ 20 ಶೇಕಡಾ ಗ್ಲೂಕೋಸ್, ಗಂಟೆಗೆ 0.25 ಮಿಲಿಲೀಟರ್. ಅಂದರೆ ಗಂಟೆಗೆ 50 ಮಿಲಿಗ್ರಾಂ, 10 ಗಂಟೆಗೆ 500 ಮಿಲಿಗ್ರಾಂ, ಒಟ್ಟಿನಲ್ಲಿ ಮೊದಲಿನದೇ 1 ಶೇಕಡಾ. ಪಕ್ಕದ ಫ್ಲಾಸ್ಕಿಗೆ ಅದೇ ವೇಗದಲ್ಲಿ ಬರಿಯ ನೀರು, ಮೂರನೆಯದಕ್ಕೆ ಇಡೀ ಗ್ಲೂಕೋಸ್ ಶುರುವಿಗೇ. ಪಂಪ್ ಚಾಲೂ ಮಾಡಿದ್ದು ಓಡಿ 1 ದಾಟಿದ ಮೇಲೆ, ಅದಕ್ಕೂ ಮುಂಚೆ ತಿನ್ನುವ ಬಾಯಿಗಳು ಸಾಲವು. ಮೂರಕ್ಕೂ ಮಾಪ್ಸ್.

ಹನಿಸಿದ ಫ್ಲಾಸ್ಕಿನಲ್ಲಿ ಪಟ್ಟಿ ಬಹುತೇಕ ಹೊತ್ತು ಖಾಲಿಯನ್ನೇ ತೋರಿಸಿತು, ಪಿಎಚ್ ಹೆಚ್ಚು ಅಲುಗಲಿಲ್ಲ, ಹೈಡ್ರಾಕ್ಸೈಡ್ ಹನಿಯೂ ಬೇಕಾಗಲಿಲ್ಲ. ಕೋಶಗಳು ನೀರು ಹನಿಸಿದ್ದಕ್ಕಿಂತ ಹೆಚ್ಚು. ಕಿಣ್ವ, ಮಿಲಿಲೀಟರ್ ಲೆಕ್ಕದಲ್ಲಿ, ಮೂರರಲ್ಲಿ ಮೊದಲ ಸ್ಥಾನ. ಆದರೆ ಓಡಿಗೆ ಭಾಗಿಸಿದರೆ ನೀರು ಹನಿಸಿದ ಫ್ಲಾಸ್ಕೇ ಮುಂದೆ. ತಡೆ ಸಡಿಲವಾಗಿದೆ, ಪೂರ್ತಿ ತೆರೆದಿಲ್ಲ. ಪ್ರತಿ ಹನಿ ಬಿದ್ದಾಗಲೂ ಕ್ಷಣಕಾಲ ಸಕ್ಕರೆ ಏರುತ್ತಿರಬಹುದು. ಪಂಪಿನ ವೇಗವನ್ನು ಅರ್ಧಕ್ಕಿಳಿಸಿ ಹೆಚ್ಚು ಹೊತ್ತು ಓಡಿಸಿದರೆ ಓಡಿಗೆ ಭಾಗಿಸಿದ ಅಂಕಿ ಏರುತ್ತದೆಯೇ ಎಂಬುದು ಮುಂದಿನ ಸುತ್ತು. ಜೊತೆಗೆ ಸಿಸಿಪಿಎ ಜೀನ್ ಇಲ್ಲದ ತಳಿಯನ್ನೂ ಇದೇ ಜೋಡಣೆಯಲ್ಲಿ ಓಡಿಸಬೇಕು: ಅಲ್ಲಿ ಹನಿಸಿದ್ದಕ್ಕೂ ಒಮ್ಮೆಲೇ ಸುರಿದದ್ದಕ್ಕೂ ಇರುವ ಅಂತರ ಕಿರಿದಾದರೆ, ಉಳಿದ ತಡೆ ಸಿಸಿಪಿಎ ದಾರಿಯದ್ದೇ ಎಂದಾಗುತ್ತದೆ. ಆ ತಳಿ ಗ್ಲೂಕೋಸ್ ಮೇಲೆ ನಿಧಾನವಾಗಿ ಬೆಳೆಯುವುದರಿಂದ ಪಂಪ್ ಚಾಲೂ ಮಾಡುವುದನ್ನು ಗಡಿಯಾರ ನೋಡಿ ಅಲ್ಲ, ಓಡಿ ನೋಡಿಯೇ ನಿರ್ಧರಿಸಬೇಕು.